ಅರ್ಧ ನೋಡಿದ ಸಿನಿಮಾ, ಅಕ್ಕನ ಎಲೆ ಅಡಿಕೆ

ನಾಯಕಿ ಹಸೆಮಣೆ ಮೇಲೇ ಕುಸಿದು ಸತ್ತಳು. ನಮ್ಮ ನಡುಮನೆಯಲ್ಲಿ ಕೂತಿದ್ದ ಗಂಡಿನ ಅಜ್ಜಿ ಸೆರಗು ಕೊಡವಿಕೊಂಡು ಎದ್ದು ನಿಂತರು.

ಆ ಸಿನಿಮಾ ಆರಿಸಿದ ಪುಣ್ಯಾತ್ಗಿತ್ತಿ ನಾನೇ.

ಇದು ಎಂಬತ್ತರ ದಶಕದ ಮಾತು. ಊರು ಸುಗಟೂರು, ನನಗೆ ಹದಿನೇಳು. ಊರಿನಲ್ಲಿ ಯಾರು ಕೋಲಾರಕ್ಕೆ ಪಿಚ್ಚರ್‌ಗೆ ಹೊರಟರೂ ಮೊದಲು ನನ್ನನ್ನು ಕೇಳುತ್ತಿದ್ದರು. ಯಾವುದಕ್ಕೆ ಎರಡು ಕರ್ಚೀಫು ಬೇಕು, ಯಾವುದಕ್ಕೆ ಅತ್ತೆಯನ್ನು ಕರೆದುಕೊಂಡು ಹೋಗಬಾರದು, ಎಲ್ಲ ನನ್ನ ನಾಲಿಗೆ ತುದಿಯಲ್ಲಿ!

ನಿಜ ಹೇಳಬೇಕೆಂದರೆ... ನಾನು ಒಂದು ಸಿನಿಮಾನೂ ಪೂರ್ತಿ ನೋಡಿರಲಿಲ್ಲ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಸಂಜೆ ಸೊಪ್ಪು ಹಾಕುವ ಹೊತ್ತಿಗೆ ಹೆಣ್ಣುಮಕ್ಕಳು ಮನೆಯಲ್ಲಿರಬೇಕು. ಹಾಗಾಗಿ ಮ್ಯಾಟಿನಿಗೆ ಹೋದರೂ ಇಂಟರ್ವೆಲ್ ಆಗಿ ಸ್ವಲ್ಪ ಹೊತ್ತಿಗೆ ಎದ್ದು ಬಸ್ಸಿಗೆ ಓಡುವುದು. ನಾಯಕ ಬದುಕಿದನೋ ಬಿಟ್ಟನೋ, ಹುಳಕ್ಕಂತೂ ಹಸಿವಾಗುತ್ತೆ.

ಥಿಯೇಟರ್ ಮುಂದೆ ಹಾಡಿನ ಪುಸ್ತಕ ಮಾರುತ್ತಿದ್ದರು, ನೆನಪಿದೆಯಾ? ಅದರಲ್ಲಿ ಕಥೆ ಇರುತ್ತಿತ್ತು. ಆದರೆ ಕೊನೆಗೆ, ಮುಂದೇನಾಯಿತು ಎಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ಕೈ ಎತ್ತಿಬಿಡುತ್ತಿದ್ದರು.

ಆ ‘ಮುಂದೇನಾಯಿತು’ ಡಿಪಾರ್ಟ್‌ಮೆಂಟು ನನ್ನದು. ನಾನು ಹೇಳಿದ ಕಥೆಗಳೆಲ್ಲ ಮದುವೆಯಲ್ಲೇ ಮುಗಿಯುತ್ತಿದ್ದವು.

ಅಕ್ಕ ಸರೋಜಳನ್ನು ನೋಡಿಕೊಂಡು ಹೋಗಿದ್ದ ತಾಯಲೂರಿನವರು ಎಲೆ ಅಡಿಕೆ ಬದಲಾಯಿಸಲು ಬರುತ್ತೇವೆ ಅಂತ ಹೇಳಿ ಕಳಿಸಿದರು. ಎಲೆ ಅಡಿಕೆ ಕೈ ಬದಲಾದರೆ ಮುಗಿಯಿತು, ಮಾತು ಕೊಟ್ಟ ಹಾಗೆ. ಅಕ್ಕನಿಗೆ ಹುಡುಗ ತುಂಬಾ ಹಿಡಿಸಿದ್ದ. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಒಂದು ವಾರದಿಂದ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು.

ನೆಂಟರನ್ನು ಖುಷಿಪಡಿಸಬೇಕು ಅಂತ ಅಪ್ಪ ಕೋಲಾರದಿಂದ ಬಾಡಿಗೆಗೆ ಟೀವಿ, ಕ್ಯಾಸೆಟ್ ಹಾಕಿ ನೋಡುವ ವಿಸಿಪಿ ತರಿಸಿದರು. ಕ್ಯಾಸೆಟ್ ಆರಿಸುವ ಕೆಲಸ ಇನ್ಯಾರಿಗೆ? ನನಗೇ.

ಎರಡು ಹೇಳಿದೆ. ಒಂದು, ಮದುವೆ ಮನೆಯ ಸಡಗರ ಇರುವ ಸಿನಿಮಾ. ಇನ್ನೊಂದು, ಅದೇ ನಾಯಕಿಯ ಇಂಟರ್‌ವ್ಯೂ, ಟೀವಿಯಲ್ಲಿ ಬಂದಿದ್ದನ್ನು ಯಾರೋ ರೆಕಾರ್ಡ್ ಮಾಡಿಟ್ಟಿದ್ದರಂತೆ. ಆಕೆ ಸೀರೆ ನೆರಿಗೆ ಹೇಗೆ ಹಿಡಿಯುತ್ತಾಳೆ ಅಂತ ನೋಡಬೇಕಿತ್ತು, ಅಷ್ಟೇ.

"ಬರೀ ಮಾತಾಡೋದನ್ನ ಯಾರು ನೋಡ್ತಾರೆ ಕಣೇ?" ಅಂತ ಅಪ್ಪ ಬೈದುಕೊಂಡೇ ತರಿಸಿಕೊಟ್ಟರು.

ಭಾನುವಾರ ನೆಂಟರು ಬಂದರು, ಊಟ ಆಯಿತು. ಎಲೆ ಅಡಿಕೆ ತಟ್ಟೆ ರೆಡಿ ಮಾಡಿ ದೇವರ ಮುಂದೆ ಇಟ್ಟಿದ್ದೇವೆ. ಪಿಚ್ಚರ್ ಮುಗಿದ ಮೇಲೆ ಬದಲಾಯಿಸೋಣ ಅಂತ ಗಂಡಿನ ಅಜ್ಜಿಯೇ ಹೇಳಿದ್ದಾರೆ. ಆ ಮನೆಯಲ್ಲಿ ಅವರು ಹೇಳಿದ್ದೇ ಕೊನೆ ಮಾತು.

ಇಂಟರ್ವೆಲ್‌ವರೆಗೆ ನನ್ನ ಜಂಬ ನೋಡಬೇಕಿತ್ತು! ಪ್ರತಿ ಸೀನಿಗೂ ಮುಂಚೆಯೇ "ಈಗ ಬರ್ತಾನೆ ನೋಡಿ ಅಜ್ಜಿ, ಈಗ ಹಾಡು" ಅಂತಿದ್ದೆ.

ಆಮೇಲೆ ನನಗೆ ಗೊತ್ತಿಲ್ಲದ ಭಾಗ ಶುರುವಾಯಿತು. ನಾಯಕಿ ಕೆಮ್ಮಿದಳು. ನನ್ನ ಬಾಯಿ ಬಂದ್ ಆಯಿತು.

ತಾಳಿ ಕಟ್ಟುವ ಮೊದಲೇ ಅವಳು ಸತ್ತಳು. ಶುಭಂ ಅಂತ ಬೇರೆ ಬಂತು.

"ರಾಮ ರಾಮ... ಎಲೆ ಅಡಿಕೆ ಇಟ್ಕೊಂಡು ಇದನ್ನಾ ನೋಡೋದು? ಇವತ್ ಬ್ಯಾಡ. ಒಳ್ಳೇ ಶಕುನ ಅಲ್ಲ, ಆಮೇಲ್ ನೋಡೋಣ" ಅಂದರು ಅಜ್ಜಿ.

ಆಮೇಲೆ ನೋಡೋಣ ಅಂದರೆ ನಮ್ಮ ಕಡೆ ಏನರ್ಥ ಅಂತ ಎಲ್ಲರಿಗೂ ಗೊತ್ತು. ಅಪ್ಪನ ಮುಖ ಬಿಳಿಚಿಕೊಂಡಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ಕಡೆ ನೋಡಿದಳು. ಒಂದು ಮಾತು ಬೈಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು... ನನಗೆ ಅಳು ಬಂತು.

ಏನು ಮಾಡಬೇಕೋ ತೋಚದೆ ಎರಡನೇ ಕ್ಯಾಸೆಟ್ ತುರುಕಿದೆ.

ಅಜ್ಜಿ ಚಪ್ಪಲಿ ಹುಡುಕುತ್ತಿದ್ದಾರೆ. ಟೀವಿಯಲ್ಲಿ ಅದೇ ನಾಯಕಿ, ಕೈಯಲ್ಲಿ ಕಾಫಿ ಕಪ್ಪು, ಗೊಳ್ಳೆಂದು ನಗುತ್ತಿದ್ದಾಳೆ! ಆ ಸಾಯುವ ಸೀನಿನಲ್ಲಿ ಇರುವೆ ಕಚ್ಚುತ್ತಿತ್ತಂತೆ, ಹೆಣ ಕಾಲು ಕೆರೆದುಕೊಳ್ಳೋ ಹಾಗಿಲ್ಲವಲ್ಲ ಅಂತ ಹೇಳುತ್ತಿದ್ದಾಳೆ.

ಅಜ್ಜಿ ತಿರುಗಿದರು. ಅವರಿಗೆ ಗಾಬರಿಯಾದರೂ ಆಶ್ಚರ್ಯವಾದರೂ ಮೊದಲು ಬರುವುದು ತೆಲುಗೇ.

"ಬತಿಕೇ ಉಂದಾ? ಬದುಕವ್ಳಾ ಇವ್ಳು?"

"ಬದುಕವ್ಳೆ ಅಜ್ಜಿ! ಮದುವೆನೂ ಆಗೈತೆ, ಇಬ್ರು ಮಕ್ಕಳು!" ಅಂತ ಕೂಗಿದೆ. ಇದೊಂದು ಮಾತ್ರ ಪತ್ರಿಕೆಯಲ್ಲಿ ಪೂರ್ತಿ ಓದಿದ್ದೆ.

ಅಜ್ಜಿ ಚಾಪೆ ಮೇಲೆ ನಿಧಾನಕ್ಕೆ ಕೂತರು. ಇಂಟರ್‌ವ್ಯೂ ಒಂದಕ್ಷರ ಬಿಡದೆ ನೋಡಿದರು. ಮಕ್ಕಳ ವಿಷಯ ಬಂದಾಗ "ಬಾಳಿ ಬದುಕಮ್ಮ" ಅಂತ ಟೀವಿಗೇ ಕೈ ಎತ್ತಿ ಹರಸಿದರು.

ಆಮೇಲೆ ನನ್ನನ್ನು ಹತ್ತಿರ ಕರೆದರು. "ನಿಜ ಹೇಳು. ಆ ಪಿಚ್ಚರ್ ಕೊನೇವರ್ಗೂ ನೋಡಿದ್ಯೇನೇ ನೀನು?"

"ಇಲ್ಲ ಅಜ್ಜಿ... ಹುಳಕ್ಕೆ ಸೊಪ್ಪು ಹಾಕ್ಬೇಕಿತ್ತು."

ಊರಿನ ಸಿನಿಮಾ ಪಂಡಿತೆಯ ಮಾನ ಮೂರು ಕಾಸಿಗೆ ಹೋಯಿತು.

ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ನಮ್ಮನೇಲೂ ಅದೇ ಕಣೇ. ನಾನೂ ಇವತ್ತೇ ಮೊದಲು ಒಂದು ಪಿಚ್ಚರ್ ಕೊನೇವರ್ಗೂ ನೋಡಿದ್ದು. ನೋಡ್ದೆ ಇದ್ದಿದ್ರೇ ವಾಸಿ ಆಗಿತ್ತು!" ಅಂದವರೇ ಅಪ್ಪನ ಕಡೆ ತಿರುಗಿ, "ತಟ್ಟೆ ತಗೊಂಬನ್ನಿ. ಬಿರ್‌ಬಿರ್ನೆ ಮುಗಿಸೋಣ, ನಿಮ್ ಹುಳ ಕಾಯ್ತಾ ಇರ್ತವೆ" ಅಂದರು.

ಎಲೆ ಅಡಿಕೆ ಬದಲಾಯಿತು. ಅಕ್ಕ ಅಡುಗೆಮನೆಯಲ್ಲಿ ನನ್ನ ತಲೆಗೆ ಒಂದು ಮೊಟಕಿ, ತಬ್ಬಿಕೊಂಡು ಅತ್ತಳು.

ಈಗಲೂ ಭಾನುವಾರ ಅಕ್ಕನ ಫೋನು ಬರುತ್ತೆ, ಮನೆಯಲ್ಲಿ ಕೂತು ನೋಡೋಕೆ ಒಳ್ಳೇದು ಯಾವುದಾದರೂ ಹೇಳೇ ಅಂತ. ನಾನು ಒಂದು ಸಿನಿಮಾ ಹೇಳುತ್ತೇನೆ, ಜೊತೆಗೆ ಅದರ ನಾಯಕಿಯ ಒಂದು ಇಂಟರ್‌ವ್ಯೂ. ಮೊಮ್ಮಕ್ಕಳಾದರೂ ಅವಳದು ಅದೇ ಪ್ರಶ್ನೆ, "ಕೊನೇವರ್ಗೂ ನೋಡಿದ್ಯಾ?"

ನೋಡಿದ್ದೀನಿ ಅಂತೀನಿ. ನೀವು ಹೇಳಿ, ಅರ್ಧ ನೋಡಿ ಪೂರ್ತಿ ಹೊಗಳಿದ ಸಿನಿಮಾ ನಿಮ್ಮದು ಯಾವುದು?