ಕೌದಿಯ ಉಡಿ

ಹೋದ ಭಾನುವಾರ ಟ್ರಂಕಿನಿಂದ ಕೌದಿ ಹೊರತೆಗೆದಾಗ ಅದರ ಒಂದು ಮೂಲೆ ತೂತಾಗಿತ್ತು. ಇಲಿ ಕಡಿದಿತ್ತು. ಅಷ್ಟು ದೊಡ್ಡ ಕೌದಿಯಲ್ಲಿ ಬೇರೆಲ್ಲೂ ಹಲ್ಲು ಹಚ್ಚಿರಲಿಲ್ಲ. ನಾಲ್ಕು ಮೂಲೆಗಳಲ್ಲಿ ಆ ಒಂದನ್ನೇ ಹುಡುಕಿಕೊಂಡು ಬಂದಿತ್ತು. ಮೂಗಿಗೆ ಹಿಡಿದೆ. ನುಸಿಗುಳಿಗೆಯ ಘಾಟಿನ ಕೆಳಗೆ ಹಳೆಯ ಜೋಳದ ಹಿಟ್ಟಿನ ಮುಗ್ಗಲು ವಾಸನೆ... ತಿಕೋಟಾದಲ್ಲಿ ನಮ್ಮ ಮನೆಯ ಹಿಂದಿನ ಮನೆಯಲ್ಲಿದ್ದ, ಈ ಕೌದಿ ಹೊಲಿದ ಆಯಿ ನೆನಪಾದಳು.

ಅವಳು ನನಗೆ ರಕ್ತಸಂಬಂಧಿಯಲ್ಲ. ಓಣಿಗೆಲ್ಲ ಆಯಿ. ನಾವು ಮುತ್ಯಾ ಎನ್ನುತ್ತಿದ್ದ ಅವಳ ಗಂಡ ತೀರಿದ ಮೇಲೆ ಕೌದಿ ಹೊಲಿಯುವುದೊಂದೇ ಅವಳ ಕೆಲಸ. ಕಳ್ಳಕವಟಗಿಯಿಂದ, ಇಟ್ಟಂಗಿಹಾಳದಿಂದ ಹಳೆಯ ಸೀರೆಗಳ ಗಂಟು ಹೊತ್ತುಕೊಂಡು ಜನ ಬರುತ್ತಿದ್ದರು. ನಾನು ಸಾಲೆಯಿಂದ ಬಂದು ಅವಳ ಕಟ್ಟೆಯ ಮೇಲೆ ಕೂತು ಹೊಲಿಗೆ ಎಣಿಸುತ್ತಿದ್ದೆ. ಎಣಿಸಿದ್ದನ್ನು ಬರೆದಿಡುವುದು ಆಗಿನಿಂದಲೇ ನನಗಂಟಿದ ಚಟ. ಐದನೇ ಇಯತ್ತೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಈಗಲೂ ಇದೆ: ‘ಒಂದು ಗೇಣಿಗೆ ಇಪ್ಪತ್ತೇಳು. ಮತ್ತೊಂದು ಗೇಣಿಗೂ ಇಪ್ಪತ್ತೇಳು.’

ಕೌದಿ ಮುಗಿಯುವ ದಿನ ಆಯಿ ಒಂದು ಮೂಲೆಯನ್ನು ಮಾತ್ರ ತೆರೆದಿಡುತ್ತಿದ್ದಳು. ಅದರೊಳಗೆ ಒಣರೊಟ್ಟಿಯ ಒಂದು ಚೂರು, ನಾಲ್ಕು ಅಕ್ಕಿಕಾಳು ಇಟ್ಟು ಬಾಯಿ ಮುಚ್ಚಿ ಹೊಲಿಯುತ್ತಿದ್ದಳು.

“ಆಯಿ, ಅಲ್ಲಿ ಗಂಟ ಯಾಕ?” ಎಂದು ಕೇಳಿದ್ದೆ.

“ಗಂಟಲ್ಲ ಹುಡುಗೀ, ಅದು ಉಡಿ. ಮನಿ ಬಿಟ್ಟ ಹೊಂಟೈತಿ. ಹೆಣ್ಮಕ್ಕಳನ್ನ ಕಳಸೂ ಮುಂದ ಉಡಿ ತುಂಬೂದಿಲ್ಲೇನು? ಇದೂ ಹಂಗ.”

“ಮತ್ತ ನಿನ್ನ ಉಡಿ?”

ಅವಳು ದಾರವನ್ನು ಹಲ್ಲಿನಿಂದ ಕಡಿದಳು. “ನಂದ ನಿಮ್ಮ ಮುತ್ಯಾನ ಕೂಡ ಹೋತವಾ. ಅದಕ್ಕ ಇದರದು ತುಂಬಾಕತ್ತೇನಿ.”

ನಾನು ಓದಿ ವಿಜಯಪುರದ ಕಾಲೇಜೊಂದರಲ್ಲಿ ವಸ್ತ್ರ ವಿನ್ಯಾಸದ ಉಪನ್ಯಾಸಕಿಯಾದೆ. ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಮನೆ ಹಿಡಿದೆ. ನಾಲ್ಕು ವರ್ಷದ ಹಿಂದೆ ನಮ್ಮ ಕಾಲೇಜು ಊರವರಿಗೆಲ್ಲ ಒಂದು ಸ್ಪರ್ಧೆ ಇಟ್ಟಿತು: ಮೈಮೇಲೆ ತೊಡಬಹುದಾದ ಕಲಾಕೃತಿ ಮಾಡಿ ತರಬೇಕು, ವಿದ್ಯಾರ್ಥಿನಿಯರು ಅದನ್ನು ತೊಟ್ಟು ವೇದಿಕೆಯ ಮೇಲೆ ನಡೆಯುತ್ತಾರೆ. ಮೊದಲ ಬಹುಮಾನ ಪಡೆದವರು ಪ್ರತಿ ಶನಿವಾರ ಕಾಲೇಜಿಗೆ ಬಂದು ತಮ್ಮ ಕೈಕೆಲಸ ಕಲಿಸಬೇಕು. ಇದನ್ನು ಓದಿದ ದಿನವೇ ನಾನು ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ.

“ನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ನಾ ಏನ ಕಲಸ್ಲಿ?” ಎಂದು ಆಯಿ ನಕ್ಕಳು. ಆಮೇಲೆ, “ಹುಡುಗ್ಯಾರು ಖರೇನ ಕಲೀತಾರಾ?” ಎಂದು ಕೇಳಿದಳು. ಆಗ ಅವಳ ಮುಖದಲ್ಲಿ ಬಂದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಓಣಿಯಲ್ಲಿ ಒಬ್ಬರೂ ಅವಳ ಹೊಲಿಗೆ ಕಲಿತಿರಲಿಲ್ಲ. ಮಗಳೂ ಕಲಿತಿರಲಿಲ್ಲ. ಅರ್ಜಿ ನಾನೇ ತುಂಬಿದೆ. ಅವಳು ಹೆಬ್ಬೆಟ್ಟು ಒತ್ತಿದಳು. ಇಳಕಲ್ ಸೀರೆಗಳ ಹಳೆಯ ಸೆರಗುಗಳನ್ನೆಲ್ಲ ಕೂಡಿಸಿ ಎರಡು ತಿಂಗಳಲ್ಲಿ ಒಂದು ನಿಲುವಂಗಿ ಹೊಲಿದಳು. ಬೆನ್ನಿಗೆ ಕೆಂಪು ತೆನೆ, ಅಂಚಿಗೆ ಹಸಿರು, ಉದ್ದಕ್ಕೂ ಆ ಇಪ್ಪತ್ತೇಳು.

ಸ್ಪರ್ಧೆಯ ಹಿಂದಿನ ದಿನ ಮೂವರು ತೀರ್ಪುಗಾರರಲ್ಲಿ ಒಬ್ಬರು ಬರಲಾಗುವುದಿಲ್ಲವೆಂದರು. ಪ್ರಾಚಾರ್ಯರು ನನ್ನನ್ನು ಕರೆದು, “ನಿಮ್ಮ ಲೆಕ್ಕ ಎಂದೂ ತಪ್ಪಂಗಿಲ್ಲ, ನೀವ ಕೂಡ್ರಿ,” ಎಂದರು. ಸ್ಪರ್ಧಿಗಳಲ್ಲಿ ಒಬ್ಬಳು ನನ್ನ ಊರಿನವಳು, ಅವಳ ಅರ್ಜಿ ತುಂಬಿದ್ದು ನಾನೇ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಹಿರಿಯರ ಸಾಲಿನಲ್ಲಿ ಕುರ್ಚಿ ಸಿಕ್ಕಿತೆಂಬ ಖುಷಿ ದೊಡ್ಡದಾಗಿತ್ತು. ಕಲಾಕೃತಿಗಳಿಗೆ ಹೆಸರಿಲ್ಲ, ಬರೀ ನಂಬರು. ಹಾಗಾಗಿ ನಡೆಯುತ್ತದೆ ಎಂದುಕೊಂಡೆ. ಆಯಿಯದು ಹನ್ನೊಂದನೆಯದು.

ಶನಿವಾರ ಸಭಾಂಗಣ ತುಂಬಿತ್ತು. ತೊಟ್ಟವರೆಲ್ಲ ನಡೆದಾದ ಮೇಲೆ ವೇದಿಕೆಯಲ್ಲಿ ಸಾಲಾಗಿ ನಿಂತರು. ನಾವು ಮೂವರು ಹತ್ತಿರ ಹೋಗಿ ನೋಡುತ್ತ ಬಂದೆವು. ಒಡೆದ ಸೀಡಿ, ಹನಿ ನೀರಾವರಿಯ ಕರಿ ಪೈಪು ಸೇರಿಸಿ ಅಂಟಿಸಿದ ಒಂದು ಗೌನಿತ್ತು. ಲೈಟು ಬಿದ್ದರೆ ಕಣ್ಣು ಕೋರೈಸುತ್ತಿತ್ತು. ತೊಟ್ಟ ಹುಡುಗಿಗೆ ಕೂರಲು ಆಗುತ್ತಿರಲಿಲ್ಲ, ಕೈ ಎತ್ತಲೂ ಆಗುತ್ತಿರಲಿಲ್ಲ. ಹನ್ನೊಂದನೆಯದರ ಮುಂದೆ ನಿಂತು, ‘ಹೊಲಿಗೆಯ ಅಚ್ಚುಕಟ್ಟು’ ಎಂಬ ಕಾಲಮ್ಮಿನಲ್ಲಿ ಇಪ್ಪತ್ತಕ್ಕೆ ಹದಿನೇಳು ಎಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ.

ಅಷ್ಟರಲ್ಲಿ ಹೊರಗಿನಿಂದ ಬಂದಿದ್ದ ಮುಖ್ಯ ತೀರ್ಪುಗಾರ್ತಿ ಅಂಗಿಯ ಕೆಳಮೂಲೆಯನ್ನು ಬೆರಳಲ್ಲಿ ಒತ್ತಿ ನೋಡಿದರು. “ಇದೇನಿದು, ಇಲ್ಲಿ ಗಂಟು?” ಎಂದರು. ನನ್ನ ಕಡೆ ತಿರುಗಿ, “ನೀವು ಈ ಕಡೆಯವರೇ ಅಲ್ಲವಾ, ಗೊತ್ತಾ ನಿಮಗೆ?”

ಕೆಳಗೆ ಎರಡನೇ ಸಾಲಿನಲ್ಲಿ ಆಯಿ ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಮುಗುಳ್ನಗುತ್ತಿದ್ದಳು, ಈಗ ನಾನು ಹೇಳುತ್ತೇನೆ ಎಂದು.

“ಇಲ್ಲ ಮೇಡಂ, ಗೊತ್ತಿಲ್ಲ,” ಎಂದೆ.

ಅವರು ಕತ್ತರಿ ತರಿಸಿದರು. ಮೂರು ಹೊಲಿಗೆ ಬಿಚ್ಚಿದರು. ರೊಟ್ಟಿಯ ಪುಡಿ, ಅಕ್ಕಿಕಾಳು ವೇದಿಕೆಯ ಹಲಗೆಯ ಮೇಲೆ ಉದುರಿದವು. “ಅಯ್ಯೋ, ಒಳಗೆ ರೊಟ್ಟಿ ಇದೆ!” ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಹಿಂದಿನ ಬೆಂಚಿನಿಂದ ಯಾರೋ, “ಅಂಗಿ ಬುತ್ತಿ ಕಟ್ಟಕೊಂಡ ಬಂದೈತಿ ನೋಡ್ರಲೇ!” ಎಂದು ಕೂಗಿದರು. ಸಭಾಂಗಣವೆಲ್ಲ ನಕ್ಕಿತು. ನಾನೂ ನಕ್ಕೆ. ತುಟಿ ಮಾತ್ರ... ಆದರೂ ನಕ್ಕೆ.

ಪೆನ್ಸಿಲ್ಲಿನ ಹದಿನೇಳನ್ನು ಅಳಿಸಿ ಪೆನ್ನಿನಲ್ಲಿ ಆರು ಎಂದು ಬರೆದೆ. ಮೂವರ ಅಂಕ ಕೂಡಿಸುವ ಕೆಲಸವೂ ನನ್ನದೇ. ಮೂರು ಸಲ ಕೂಡಿಸಿದೆ. ಸೀಡಿ ಗೌನಿಗೆ ಇನ್ನೂರ ಮೂವತ್ತೊಂದು, ಹನ್ನೊಂದನೆಯದಕ್ಕೆ ಇನ್ನೂರ ಇಪ್ಪತ್ತೈದು. ಕೂಡಿದ್ದು ತಪ್ಪಿರಲಿಲ್ಲ.

ಸಂಜೆ ವರಾಂಡದಲ್ಲಿ ಆಯಿ ಅಂಗಿಯನ್ನು ಮಡಚಿ ಚೀಲದಲ್ಲಿ ಹಾಕಿಕೊಳ್ಳುತ್ತಿದ್ದಳು. ಹೋಗಿ ಎದುರಿಗೆ ನಿಂತೆ.

“ನಿನಗ ಗೊತ್ತಿತ್ತಲ್ಲವಾ,” ಎಂದಳು. ಸಿಟ್ಟಿನ ದನಿಯಲ್ಲ.

“ಆಯಿ, ನಾ ಬಾಯಿ ಬಿಟ್ಟಿದ್ರ ನಮ್ಮೂರಾಕಿ ಅಂತ ಜಾಸ್ತಿ ಅಂಕ ಹಾಕ್ಯಾಳ ಅಂತಿದ್ರು...”

“ನಮ್ಮೂರಾಕಿ ಅನ್ನೂದ ಬ್ಯಾಡಾಗಿತ್ತು. ಉಡಿ ಅಂದಿದ್ರ ಸಾಕಾಗಿತ್ತು.”

ಅಷ್ಟೇ. ತಿಕೋಟಾದ ಬಸ್ಸು ಹತ್ತಿಸಲು ಬರುತ್ತೇನೆಂದರೆ ಬೇಡವೆಂದಳು.

ಆಮೇಲೆ ಅವಳು ಯಾರ ಸೀರೆಗಂಟನ್ನೂ ತೆಗೆದುಕೊಳ್ಳಲಿಲ್ಲವೆಂದು ನನ್ನವ್ವ ಹೇಳಿದಳು. ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದಳಂತೆ. ಆರು ತಿಂಗಳಿಗೆ ಬಬಲೇಶ್ವರಕ್ಕೆ, ಮಗಳ ಮನೆಗೆ ಹೋದಳು. ನಾನು ಅಲ್ಲಿಗೆ ಹೋದದ್ದು ಎರಡು ಸಲ. ಮೊದಲ ಸಲ ಮಲಗಿದ್ದಾಳೆಂದರು. ಒಳಗೆ ಬಳೆಯಿಲ್ಲದ ಕೈಯೊಂದು ಬಾಗಿಲ ಪರದೆ ಸರಿಸಿ ಬಿಟ್ಟದ್ದು ಕಂಡಿತ್ತು. ಎರಡನೆಯ ಸಲ ಹೋದಾಗ ನನ್ನ ಮದುವೆಯಾಗಿ ತಿಂಗಳಾಗಿತ್ತು. ಆಯಿ ಚಹಾ ಕೊಡಿಸಿದಳು. ಗಂಡನ ಮನೆ ಯಾವೂರು, ಅತ್ತೆ ಹೇಗೆ ಎಂದು ಎಲ್ಲ ಕೇಳಿದಳು. ಅಂಗಿಯ ಮಾತೊಂದನ್ನು ಬಿಟ್ಟು. ನಾನು ಆ ಮಾತು ತೆಗೆದಾಗ ಎದ್ದು ಒಳಗೆ ಹೋದಳು. ನಾನು ಹೊರಟು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅವಳ ದನಿ ಕೇಳಿತು, ಮಗಳಿಗೆ ಹೇಳುತ್ತಿದ್ದಳು:

“ಆಕಿಗೆ ಉಡಿ ತುಂಬ, ಬೇ. ಖಾಲಿ ಕಳಸಬ್ಯಾಡ.”

ಮಗಳು ಅಕ್ಕಿ, ಬಟ್ಟಲಡಿಕೆ, ಕುಬಸದ ಖಣ ತಂದಳು. ನಾನು ಸೆರಗೊಡ್ಡಿ ತುಂಬಿಸಿಕೊಂಡೆ. ತಾನು ತುಂಬಬಾರದವಳೆಂದು ಆಯಿ ಹೊರಗೆ ಬರಲೇ ಇಲ್ಲ. ಅದೇ ಕೊನೆ. ಹೋದ ವರ್ಷ ಅವಳು ತೀರಿದ ದಿನ ನನಗೆ ಪರೀಕ್ಷೆಯ ಕೆಲಸವಿತ್ತು. ಡೈರಿಯ ಆ ದಿನದ ಪುಟದಲ್ಲಿ ಬರೆದದ್ದು ಎರಡು ಶಬ್ದ: ‘ರಜೆ ಕೇಳಲಿಲ್ಲ.’

ನಮ್ಮ ಕಾಲೇಜಿನಲ್ಲಿ ಈಗಲೂ ಸೀಡಿ ಗೌನಿನವರ ಶನಿವಾರದ ತರಗತಿ ನಡೆಯುತ್ತದೆ. ಬಿಸಿ ಅಂಟಿನ ಗನ್ನು ಹಿಡಿಯುವುದನ್ನು ಹುಡುಗಿಯರು ಬೇಗ ಕಲಿಯುತ್ತಾರೆ.

ಭಾನುವಾರ ಆ ತೂತಿನೊಳಗೆ ಬೆರಳು ಹಾಕಿ ನೋಡಿದೆ. ಇಲಿ ಒಂದು ಕಾಳನ್ನೂ ಬಿಟ್ಟಿರಲಿಲ್ಲ. ಅಡುಗೆಮನೆಯಿಂದ ರೊಟ್ಟಿಯ ಚೂರು, ಅಕ್ಕಿ ತಂದು ಅದರಲ್ಲಿಟ್ಟು ಸೂಜಿ ಹಿಡಿದೆ. ಒಂದು ಗೇಣಿಗೆ ಇಪ್ಪತ್ತೇಳು ಎಂದು ನನಗೆ ಗೊತ್ತು. ಹತ್ತು ಹಾಕುವಷ್ಟರಲ್ಲಿ ಸಾಲು ಸೊಟ್ಟಾಯಿತು, ಬಟ್ಟೆ ಮುದುಡಿತು. ಎಷ್ಟೋ ಸಂಜೆ ಅವಳ ಪಕ್ಕದಲ್ಲಿ ಕೂತು ಎಣಿಸಿದ್ದೆ. ಒಮ್ಮೆಯೂ ಸೂಜಿ ಕೇಳಿರಲಿಲ್ಲ. ಹಾಕಿದ್ದನ್ನು ಬಿಚ್ಚಿದೆ. ಕಾಳುಗಳನ್ನು ಆರಿಸಿ ಡಬ್ಬಿಗೆ ಹಾಕಿದೆ. ಕೌದಿಯನ್ನು ಹಾಗೆಯೇ ಮಡಚಿ ಟ್ರಂಕಿನಲ್ಲಿಟ್ಟೆ, ಖಾಲಿ ಉಡಿಯೊಂದಿಗೇ.