ಗರಗಸದ ಹಲ್ಲಿಗೆ ಆಧಾರ

ನಿಘಂಟು ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಚೀಟಿಯಮ್ಮ ಎಂದು. ಇಪ್ಪತ್ತಾರು ವರ್ಷದ ಹಿಂದೆ ಟೈಪಿಸ್ಟ್ ಆಗಿ ಸೇರಿದವಳು. ಟೈಪ್‌ರೈಟರ್ ಮೂಲೆ ಸೇರಿದ ಮೇಲೆ ಅವಳನ್ನೇನು ಮಾಡುವುದೆಂದು ತಿಳಿಯದೆ ಚೀಟಿ ತುಂಬಿದ ಮರದ ಡ್ರಾಯರುಗಳ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಇಂಗ್ಲಿಷ್ ಪದಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ ಬರೆಯುವ ಆ ಕಚೇರಿಯಲ್ಲಿ ಒಂದು ಅರ್ಥಕ್ಕೆ ಒಂದು ಚೀಟಿ. ಉದ್ದುದ್ದ ಗಂಭೀರ ಪದಗಳನ್ನೆಲ್ಲ ವಿದ್ವಾಂಸರು ಹಂಚಿಕೊಂಡರು. ಕೊನೆಗೆ ಯಾರಿಗೂ ಬೇಡವಾಗಿ ಉಳಿದ ಚೋಟುದ್ದದ ಪದ ‘ಸೆಟ್’. ಇದರಲ್ಲೇನಿದೆ, ಒಂದು ಮಧ್ಯಾಹ್ನದ ಕೆಲಸ ಎಂದು ಅದನ್ನು ಚೀಟಿಯಮ್ಮನ ಮೇಜಿಗೆ ತಳ್ಳಿದರು. ಆ ಮಧ್ಯಾಹ್ನ ಮುಗಿಯಲು ಆರು ವರ್ಷ ಹಿಡಿಯಿತು.

ಪ್ರಧಾನ ಸಂಪಾದಕರಿಗೆ ಬೆನ್ನ ಹಿಂದೆ ಆಧಾರಪ್ಪ ಎಂಬ ಹೆಸರಿತ್ತು. ಯಾರು ಏನೇ ಹೇಳಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ‘ಆಧಾರ ಎಲ್ಲಿ?’ ಎನ್ನುತ್ತಿದ್ದರು. ಅವರಿಗೆ ಆಧಾರವೆಂದರೆ ಅಚ್ಚಾದದ್ದು. ಹೊರಗೆ ಮಳೆ ಬರ್ತಿದೆ ಸಾರ್ ಅಂದರೂ ನಾಳೆ ಪೇಪರಿನಲ್ಲಿ ನೋಡೋಣ ಎನ್ನುವ ಪೈಕಿ.

ಚೀಟಿಯಮ್ಮನಿಗೆ ಪುಸ್ತಕದಲ್ಲಿ ಹುಡುಕುವ ವಿದ್ಯೆ ಒಲಿಯಲಿಲ್ಲ. ಅವಳು ಚೀಲ ಹೆಗಲಿಗೇರಿಸಿ ಬೀದಿಗಿಳಿದಳು. ಗಾರೆಯವನು, ಕಾಂಕ್ರೀಟು ಸೆಟ್ ಆಗೋವರೆಗೂ ಕಾಲಿಡಬೇಡಿ ಎಂದ. ಎಷ್ಟು ಸೆಟ್ ಆಗಿದೆ ನೋಡೋಣ ಎಂದು ಇವಳು ಕಾಲಿಟ್ಟಳು. ಆ ಕಟ್ಟಡದ ಮೂರನೇ ಮಹಡಿಯಲ್ಲಿ ಇವತ್ತಿಗೂ ಅವಳ ಎಡಗಾಲಿನ ಚಪ್ಪಲಿ ಗುರುತಿದೆ. ಹಲ್ಲಿನ ಡಾಕ್ಟರು ಮಾತಿನಲ್ಲಿ ವಿವರಿಸುವುದು ಬಿಟ್ಟು ಯಾರದೋ ಇಡೀ ಬಾಯಿಯ ಸೆಟ್ಟನ್ನು ಅವಳ ಅಂಗೈಯಲ್ಲಿಟ್ಟರು. ಜಿಮ್ಮಿನ ತರಬೇತಿದಾರ ಒಂದು ಸೆಟ್ ಅಂದರೇನು ಎಂದು ತೋರಿಸಲು ಹದಿನೈದು ಬಸ್ಕಿ ಹೊಡೆಸಿದ. ಅರ್ಥವಾಯಿತಾ ಎಂದು ಕೇಳಿ, ಇವಳು ತಲೆಯಾಡಿಸುವಷ್ಟರಲ್ಲಿ ಇನ್ನೂ ಎರಡು ಸೆಟ್ ಹೊಡೆಸಿದ. ಎರಡು ದಿನ ಅವಳಿಗೆ ಮೆಟ್ಟಿಲು ಇಳಿಯಲಾಗಲಿಲ್ಲ. ನಾಟಕ ಕಂಪನಿಯ ಬಡಗಿಗೆ ಸೆಟ್ ಅಂದರೆ ಅರಮನೆ, ಟೆನಿಸ್ ಆಡುವವನಿಗೆ ಆರು ಗೇಮು, ಮದುವೆ ದಲ್ಲಾಳಿ ಹೆಂಗಸಿಗೆ ಹುಡುಗ ಹುಡುಗಿ ಒಪ್ಪಿಕೊಂಡದ್ದು. ಗಣಿತದ ಮೇಷ್ಟ್ರು ಏನೂ ಇಲ್ಲದಿದ್ದರೂ ಅದೂ ಒಂದು ಸೆಟ್ಟೇ ಎಂದರು. ಅದನ್ನು ಅವಳು ಕ್ಷೌರದವನಿಗೆ ಹೇಳಿದಾಗ, ‘ಹಾಗಾದ್ರೆ ನಮ್ಮ ಮಾವನ ತಲೆನೂ ಸೆಟ್ಟೇ ಬಿಡಿ’ ಎಂದು ಕತ್ತರಿ ಕೆಳಗಿಟ್ಟು ನಕ್ಕ.

ಹೀಗೆ ನಲವತ್ತೊಂದು ಚೀಟಿಗಳಾದವು. ಅವುಗಳಲ್ಲಿ ಮೊದಲು ಬರೆದದ್ದು ಅವಳ ಅಪ್ಪನದು.

ಅಪ್ಪ ಗರಗಸ ಹರಿತ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎಪ್ಪತ್ತೊಂಬತ್ತಾದರೂ ಬೆಳಿಗ್ಗೆ ಎಂಟಕ್ಕೆ ಗರಗಸದ ಹಲ್ಲು ಮಸೆಯುವ ಮೂರು ಮೂಲೆಯ ಅರ ಹಿಡಿದು ಕೂತರೆ ಆ ಕಿರ್‍ರ್ ಸದ್ದಿಗೆ ಎದುರು ಮನೆಯ ಬೆಕ್ಕು ಕೂಡ ಜಾಗ ಬಿಡುತ್ತಿತ್ತು. ಚಿಕ್ಕವಳಿದ್ದಾಗ ಅವಳಿಗೆ ಆ ಸದ್ದು, ಆ ಕಬ್ಬಿಣದ ಪುಡಿ, ಅಪ್ಪನ ಕಪ್ಪು ಬೆರಳು ಎಲ್ಲವೂ ನಾಚಿಕೆ. ಗೆಳತಿಯರನ್ನು ಹಿತ್ತಿಲ ಬಾಗಿಲಿನಿಂದ ಕರೆತರುತ್ತಿದ್ದಳು. ಅಪ್ಪ ಅದನ್ನು ಗಮನಿಸಿದ್ದ. ಒಂದು ಮಾತೂ ಆಡಿರಲಿಲ್ಲ. ಅವನು ಆಡದೆ ಉಳಿಸಿದ ಆ ಮಾತು ವಯಸ್ಸಾದಂತೆ ಅವಳನ್ನು ಹೆಚ್ಚು ಹೆಚ್ಚು ಚುಚ್ಚುತ್ತಿತ್ತು. ಅದಕ್ಕೇ ಆರು ವರ್ಷದ ಹಿಂದೆ ಆ ಚೀಟಿ ಬರೆದ ಸಂಜೆಯೇ, ‘ಅಪ್ಪ, ನಿನ್ನ ಕೆಲ್ಸ ಪುಸ್ತಕದಲ್ಲಿ ಬಂದಾಯ್ತು’ ಎಂದುಬಿಟ್ಟಳು. ಇನ್ನೂ ಬಂದಿರಲಿಲ್ಲ. ಅಪ್ಪ ಮಾತ್ರ ಬೀದಿಗೆಲ್ಲ ಸಾರಿದ. ಗಿರಾಕಿ ಅವಸರ ಮಾಡಿದರೆ, ‘ತಾಳಪ್ಪ, ಇದು ಪುಸ್ತಕಕ್ಕೆ ಹೋದ ಕೆಲ್ಸ’ ಎನ್ನುತ್ತಿದ್ದ.

ಪುಸ್ತಕ ಅಚ್ಚಿಗೆ ಹೋಗಲು ಒಂದು ವಾರ ಇರುವಾಗ ಆಧಾರಪ್ಪನವರು ನಲವತ್ತು ಚೀಟಿಗೆ ಸಹಿ ಹಾಕಿ ಒಂದನ್ನು ಪಕ್ಕಕ್ಕೆ ಎಸೆದರು. ಉಳಿದ ಅರ್ಥಗಳಿಗೆಲ್ಲ ಯಾವುದಾದರೊಂದು ಪುಸ್ತಕ, ಪತ್ರಿಕೆ ಸಿಕ್ಕಿತ್ತು. ಗರಗಸ ಹರಿತ ಮಾಡುವವರು ಪುಸ್ತಕ ಬರೆಯುವುದಿಲ್ಲ.

‘ಆಧಾರ ಎಲ್ಲಿ? ಒಬ್ಬರು ಮುದುಕರ ಮಾತು. ಅದರಲ್ಲೂ ನಿಮ್ಮ ತಂದೆ. ಸ್ವಂತದವರ ಸಾಕ್ಷಿ ನಡೆಯಲ್ಲಮ್ಮ.’

ಚೀಟಿಯಮ್ಮ ಇಪ್ಪತ್ತಾರು ವರ್ಷದಲ್ಲಿ ಎದುರು ಮಾತಾಡಿದವಳಲ್ಲ. ಅವತ್ತು ಬಾಯಿ ತಾನಾಗಿಯೇ ತೆರೆಯಿತು. ‘ಗಣಿತದ ಸೆಟ್‌ಗೆ ನೀವು ಕೊಟ್ಟಿರೋ ಆಧಾರ ನಿಮ್ಮ ಅಳಿಯಂದಿರ ಪುಸ್ತಕ ಅಲ್ವಾ ಸಾರ್?’

ಯಾರೋ ಒಬ್ಬರು ಕೆಮ್ಮಿದರು, ಅಥವಾ ನಕ್ಕರು.

‘ನೀವು ಅಚ್ಚಾಗಿರೋದನ್ನ ನೋಡಿದ್ದು ಸಾಕು ಸಾರ್. ಒಂದ್ಸಲ ಬಂದು ಕೆಲ್ಸ ನೋಡಿ’ ಎಂದಳು. ಎಲ್ಲರೂ ನೋಡುತ್ತಿದ್ದರು. ಆಧಾರಪ್ಪನವರಿಗೆ ಇಲ್ಲವೆನ್ನಲು ದಾರಿ ಇರಲಿಲ್ಲ. ಶನಿವಾರ ಬರುತ್ತೇನೆ ಎಂದರು.

ಶನಿವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಪ್ಪನ ಅಂಗಡಿಗೆ ಬಂದರು. ಅಪ್ಪ ಎದ್ದು ನಿಂತು, ಕಬ್ಬಿಣದ ಪುಡಿ ಕೊಡವಿ ಸ್ಟೂಲು ಮುಂದಿಟ್ಟ. ತನ್ನನ್ನು ಪುಸ್ತಕಕ್ಕೆ ಸೇರಿಸಿದವರು ಅಭಿನಂದಿಸಲು ಬಂದಿದ್ದಾರೆ ಎಂದೇ ಅವನ ಎಣಿಕೆ. ಚೀಟಿಯಮ್ಮ ಮೂಲೆಗೆ ಸರಿದು ನಿಂತಳು.

‘ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ ಸ್ವಾಮಿ’ ಎಂದು ಅಪ್ಪ ಹಸಿ ಮರದ ತುಂಡೊಂದನ್ನು ಬೆಂಚಿಗೆ ಬಿಗಿದ. ಎರಡು ಗರಗಸ ತಂದ. ‘ಎರಡೂ ಒಂದೇ ಹರಿತ. ಇದಕ್ಕೆ ಸೆಟ್ ಹಾಕಿದೀನಿ. ಇದಕ್ಕಿಲ್ಲ. ಮೊದ್ಲು ಇಲ್ಲದ್ದು ಹಿಡೀರಿ.’

ಆಧಾರಪ್ಪನವರು ಅಂಗಿಯ ತೋಳು ಮಡಿಸಿ ಕುಯ್ಯತೊಡಗಿದರು. ಎರಡಂಗುಲ ಸಲೀಸಾಗಿ ಇಳಿಯಿತು. ಆಮೇಲೆ ಮರ ಗರಗಸವನ್ನು ಗಪ್ಪೆಂದು ಹಿಡಿದುಕೊಂಡಿತು. ಮುಂದೆ ತಳ್ಳಿದರು, ಹೋಗಲಿಲ್ಲ. ಹಿಂದೆ ಎಳೆದರು, ಬರಲಿಲ್ಲ. ಬೆಂಚಿಗೆ ಕಾಲು ಕೊಟ್ಟು ಎಳೆದರು. ಅಷ್ಟರಲ್ಲಿ ಪಕ್ಕದ ಟೈಲರು, ಆಚೆಯ ಕ್ಷೌರದವನು, ಅವನ ಮುಂದೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ, ಎಲ್ಲರೂ ಬಾಗಿಲಲ್ಲಿ ಹಾಜರು.

‘ಬಲಕ್ಕೆ ಸ್ವಲ್ಪ ವಾಲಿಸಿ ಸಾರ್!’

‘ಎಡಕ್ಕೆ ಸಾರ್, ಎಡಕ್ಕೆ!’

ಅಂಗಿ ಬೆನ್ನಿಗಂಟಿತು. ಕನ್ನಡಕ ಈ ಸಲ ತಾನಾಗಿಯೇ ಮೂಗಿನ ತುದಿಗೆ ಬಂದಿತ್ತು. ಕೊನೆಗೆ ಅಪ್ಪ ಸೀಳಿಗೆ ಒಂದು ಬೆಣೆ ಬಡಿದು ಗರಗಸ ಬಿಡಿಸಿಕೊಟ್ಟು, ಇನ್ನೊಂದನ್ನು ಕೈಗಿಟ್ಟ. ಅದು ಒಂದು ಮಾತೂ ಆಡದೆ ಕೆಳಗಿನವರೆಗೂ ಇಳಿಯಿತು. ಮರದ ತುಂಡು ಅವರ ಕಾಲ ಬಳಿ ಬಿತ್ತು. ಆಧಾರಪ್ಪನವರು ಮಗುವಿನಂತೆ ನಕ್ಕುಬಿಟ್ಟರು.

‘ಆಯ್ತಮ್ಮ, ಒಪ್ಪಿದೆ. ಮೊನ್ನೆ ತೆಗೆದುಹಾಕಿದ ಚೀಟಿನ ವಾಪಸ್ ಸೇರಿಸ್ತೀನಿ.’

ಅಪ್ಪನ ಕೈ ನಿಂತಿತು. ‘ತೆಗೆದುಹಾಕಿದ್ದಾ? ಹಾಗಾದ್ರೆ ಪುಸ್ತಕದಲ್ಲಿ ಇರ್ಲಿಲ್ವಾ?’

ಚೀಟಿಯಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ‘ಪುಸ್ತಕನೇ ಇನ್ನೂ ಅಚ್ಚಾಗಿಲ್ಲ ಅಪ್ಪ’ ಎಂದಳು.

‘ಆರು ವರ್ಷ ಊರ ಮುಂದೆ ನನ್ನ ಸುಳ್ಳುಗಾರ ಮಾಡಿದ್ಯಲ್ಲೇ’ ಎಂದ ಅಪ್ಪ. ಬೈಗುಳದಂತಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಮೆಲ್ಲಗೆ ಹೇಳಿದ. ಹೇಳಿ, ಮುಖ ತಿರುಗಿಸಿ ಅರ ಒರೆಸುತ್ತ ಕೂತ.

ಆಧಾರಪ್ಪನವರು ಪೇಚಿಗೆ ಸಿಕ್ಕಿ ಪೆನ್ನು ತೆಗೆದರು. ಅಲ್ಲೇ ಒಂದು ಅರ್ಥ ಗೀಚಿ ಓದಿದರು: ‘ಕ್ರಕಚದ ದಂತಗಳನ್ನು ಪರ್ಯಾಯಕ್ರಮದಲ್ಲಿ ಉಭಯ ಪಾರ್ಶ್ವಗಳಿಗೆ ವಕ್ರಗೊಳಿಸುವಿಕೆ. ಸರಿನಾ ಯಜಮಾನ್ರೇ?’

‘ಯಾರಿಗೆ ಬೈತಿದಾರೆ?’ ಎಂದು ಅಪ್ಪ ಟೈಲರನ್ನು ಕೇಳಿದ.

ಆಗ ಚೀಟಿಯಮ್ಮ ಹೇಳಿದಳು. ಚೀಟಿ ನೋಡಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ. ‘ಗರಗಸದ ಹಲ್ಲನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸೋದು. ಆಗ ಸೀಳು ಅಲಗಿಗಿಂತ ಅಗಲ ಆಗಿ ಗರಗಸ ಸಿಕ್ಕಿಕೊಳ್ಳಲ್ಲ. ಬುಡದಿಂದ ಬಾಗಿಸಬಾರದು, ಮುರಿಯುತ್ತೆ. ತುದಿಯ ಅರ್ಧ ಮಾತ್ರ. ಮೊದಲು ಒಂದು ಬಿಟ್ಟು ಒಂದು ಹಲ್ಲು ಮುಗಿಸಿ, ಆಮೇಲೆ ಗರಗಸ ತಿರುಗಿಸಿ ಉಳಿದದ್ದು. ಕೊನೆಗೆ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಬೇಕು. ಎರಡು ಸಾಲಿನ ನಡುವೆ ನೇರ ಕಾಲುವೆ ಕಾಣಬೇಕು.’

ಅಪ್ಪ ತಿರುಗಿದ. ‘ಹಲ್ಲು ಬಾಗಿಸೋದು ಅಂತಷ್ಟೇ ಹೇಳಿದ್ದೆ. ಇದನ್ನೆಲ್ಲ ನಾನು ನಿಂಗೆ ಹೇಳಿಕೊಟ್ಟೇ ಇಲ್ಲ.’

‘ಇಲ್ಲ.’

‘ಚಿಕ್ಕಂದಿನಲ್ಲಿ ಅಂಗಡಿ ಒಳಗೆ ಕಾಲಿಟ್ಟವಳಲ್ಲ ನೀನು.’

‘ಒಳಗಿನ ಬಾಗಿಲ ಸಂದಿಯಿಂದ ನೋಡ್ತಿದ್ದೆ ಅಪ್ಪ. ದಿನಾ ನೋಡ್ತಿದ್ದೆ.’

ಅಪ್ಪ ಅರ ಕೆಳಗಿಟ್ಟ. ಆಮೇಲೆ ಆಧಾರಪ್ಪನವರ ಕೈಯಲ್ಲಿದ್ದ ಕಾಗದ ತೋರಿಸಿ, ‘ಅದನ್ನ ಹರಿದುಹಾಕಿ ಸ್ವಾಮಿ. ಅವಳು ಹೇಳಿದ್ದೇ ಬರ್ಕೊಳ್ಳಿ. ಅವಳಿಗೆ ಕೆಲ್ಸ ಗೊತ್ತು’ ಎಂದ.