ಪೆನ್ಸಿಲಿನಲ್ಲಿ ಬರೆದ ಇಪ್ಪತ್ನಾಲ್ಕು

ಕಳೆದ ಬುಧವಾರ ಒಬ್ಬ ಹುಡುಗಿಯ ಅರ್ಜಿಯ ಮೇಲೆ ‘ನೋಡೋಣ’ ಎಂದು ಬರೆದೆ. ನಮ್ಮ ಕಚೇರಿಯಲ್ಲಿ ಅದರ ಅರ್ಥ ‘ಬೇಡ’.

ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ದುರಸ್ತಿ ನನ್ನ ಹೊಣೆ. ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವ ಕಳಕಪ್ಪ ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ಸಂದರ್ಶನವಿತ್ತು.

ಶಾಹೀನ್ ಯಾವಗಲ್‌ನವಳು, ರೋಣದಲ್ಲಿ ಬಿಬಿಎ ಮುಗಿಸಿದ್ದಾಳೆ. "ಇಲ್ಲಿ ಸಿಕ್ಕರ ದಿನಾ ಬಸ್ಸಿನ್ಯಾಗ ಬಂದು ಹೋಗಬಹುದ್ರಿ. ದೂರ ಅಂದ್ರ ಮನ್ಯಾಗ ಕಳಸೂದಿಲ್ರಿ," ಎಂದಿದ್ದಳು.

ಯಾವ ಬಿಡಿಭಾಗ ಎಷ್ಟು ಉಳಿದಾಗ ಹೊಸದನ್ನು ತರಿಸಬೇಕು ಎಂಬ ನನ್ನದೇ ಪಟ್ಟಿಯನ್ನು ಕೊಟ್ಟು ಅಭಿಪ್ರಾಯ ಕೇಳಿದೆ. ಕಳಕಪ್ಪನವರೂ ಪಕ್ಕದಲ್ಲೇ ಕುಳಿತಿದ್ದರು. ಐದು ನಿಮಿಷ ನೋಡಿದಳು.

"ಎಲ್ಲಾ ಬರೋಬ್ಬರಿ ಐತ್ರಿ ಸರ್."

ಒಂದು ಪ್ರಶ್ನೆಯೂ ಇಲ್ಲ. ಎಲ್ಲದಕ್ಕೂ ತಲೆಯಾಡಿಸುವವರು ಸ್ಟೋರಿಗೆ ಆಗುವುದಿಲ್ಲ ಎಂದುಕೊಂಡೆ.

ಅವಳು ಹೊರಟ ಮೇಲೆ ಪಟ್ಟಿಯನ್ನು ಫೈಲಿಗೆ ಸೇರಿಸುವಾಗ ಕಂಡಿತು... ಬ್ರೇಕ್ ಪ್ಯಾಡಿನ ಸಾಲಿನಲ್ಲಿ, ನನ್ನ ಹದಿನೆಂಟರ ಪಕ್ಕ, ಪೆನ್ಸಿಲಿನಲ್ಲಿ ತೀರ ತೆಳುವಾಗಿ ‘೨೪?’

ಪಟ್ಟಿಯಲ್ಲೇ ಇತ್ತು: ವಾರಕ್ಕೆ ನಾಲ್ಕು ಬೇಕು, ತರಿಸಿದರೆ ಬರಲು ಆರು ವಾರ. ಕಳೆದ ವರ್ಷ ಮೂರು ಸಾಕಾಗುತ್ತಿತ್ತು. ಮೂರನ್ನು ನಾಲ್ಕು ಮಾಡಿದ್ದೆ, ಗುಣಿಸಿ ಬಂದ ಹದಿನೆಂಟನ್ನು ಬದಲಿಸಿರಲಿಲ್ಲ. ತಪ್ಪು ನನ್ನದೇ.

ಪಟ್ಟಿಯನ್ನು ಕಳಕಪ್ಪನವರಿಗೆ ತೋರಿಸಿದೆ. ಗೇಟಿನ ಬಳಿ ಬಸ್ಸಿಗೆ ಕಾಯುತ್ತಿದ್ದವಳನ್ನು ಅವರೇ ಕರೆತಂದರು. "ಏನವಾ ತಂಗಿ, ಸಾಹೇಬರ ಲೆಕ್ಕ ತಿದ್ದಿ ಓಡಿ ಹೊಂಟಿದ್ದೇನ?"

ಅವಳ ಮುಖ ಬಿಳಿಚಿಕೊಂಡಿತು. ಬಾಯಿಬಿಟ್ಟು ಏಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಹಿರಿಯರ್ರಿ. ಈ ಕಾಕಾರ ಮುಂದ ನಿಮ್ದು ತಪ್ಪೈತಿ ಅಂತ ಹ್ಯಾಂಗ ಅನ್ಲಿರಿ? ಕಾಲೇಜಿನ್ಯಾಗೂ ಸರ್ ಬೋರ್ಡ್ ಮ್ಯಾಲೆ ತಪ್ಪಿದ್ರ ನಾವು ನೋಟ್‌ಬುಕ್ಕಿನ್ಯಾಗ ಅಷ್ಟ ತಿದ್ಕೊಂತೀವ್ರಿ."

ನಾನೂ ಹಾಗೆ ಮೌನವಾಗಿ ತಿದ್ದಿಕೊಂಡೇ ಎಂಜಿನಿಯರ್ ಆದವನು.

ಲೆಕ್ಕ ಹಾಕುವ ಕಣ್ಣನ್ನು ಕಾಲೇಜು ಅವಳಿಗೆ ಚೆನ್ನಾಗಿಯೇ ಕೊಟ್ಟಿದೆ. ಸೌಜನ್ಯವನ್ನು ಮನೆ ಕೊಟ್ಟಿದೆ. ಆದರೆ ಸ್ಟೋರಿನಲ್ಲಿ ಪ್ಯಾಡ್ ಮುಗಿದ ದಿನ ಗಾಳಿ ಬೀಸುತ್ತಿದ್ದರೂ ಯಂತ್ರವನ್ನು ನಿಲ್ಲಿಸಬೇಕಾಗುತ್ತದೆ.

ಒಮ್ಮೆ ಗಟ್ಟಿಯಾಗಿ ಹೇಳಿ ಎಂದೆ. ನೆಲ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಸರ್... ಇದು ತಪ್ಪೈತ್ರಿ. ಇಪ್ಪತ್ನಾಕ ಆಗಬೇಕ್ರಿ."

"ಇನ್ನೊಂದ ಸಲ ಅನ್ನವಾ," ಎಂದರು ಕಳಕಪ್ಪ, "ಹನ್ನೆರಡ ವರ್ಷಾತು, ಈ ಮಾತ ಕೇಳಾಕ ಕಾಯ್ಕೊಂತ ಕುಂತೀನಿ!"

ಮೂವರೂ ನಕ್ಕೆವು. ‘ನೋಡೋಣ’ವನ್ನು ಹೊಡೆದುಹಾಕಿ, ಅವಳ ಎದುರಿಗೇ ‘ಸೋಮವಾರದಿಂದ’ ಎಂದು ಬರೆದೆ.

ಪಾಠ ಮಾಡುವ ಗೆಳೆಯರನ್ನು ಕೇಳುತ್ತಿದ್ದೇನೆ: ನಿಮ್ಮ ತರಗತಿಯಲ್ಲಿ ಎದ್ದು ನಿಂತು "ಸರ್, ತಪ್ಪೈತ್ರಿ" ಎಂದ ವಿದ್ಯಾರ್ಥಿಗೆ ಮುಂದೆ ಏನಾಗುತ್ತದೆ?